ನನಗಿಂತ ಮೊದಲು ಮರ್ಕಂಜಕ್ಕೆ ಹೋದವನು

ದೆವ್ವದ ಕಥೆ ಹೇಳುವವರನ್ನು ನಾನು ಎದುರಿಗೇ ತಮಾಷೆ ಮಾಡುತ್ತಿದ್ದವನು. ನಮ್ಮ ಕಡೆ ಅಂಥ ಕಥೆಗಳಿಗೆ ಬರವಿಲ್ಲ. ಊಟ ಮುಗಿಸಿ ಎಲೆಯಡಿಕೆಗೆ ಕೂತರೆ ಸಾಕು, ಯಾರಾದರೊಬ್ಬರು ಹಳ್ಳ ದಾಟುವ ಸಂಕದ ಬಳಿ ಕಂಡ ಬಿಳಿ ಸೀರೆಯ ಹೆಂಗಸನ್ನು ಎಳೆದು ತರುತ್ತಿದ್ದರು. ಅಷ್ಟು ಕತ್ತಲೆಯಲ್ಲಿ ಸೀರೆಯ ಬಣ್ಣ ಹೇಗೆ ತಿಳಿಯಿತು ಎಂದು ಕೇಳುವುದು ನನ್ನ ಕೆಲಸ. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಇದರಲ್ಲಿ ಕತ್ತಲೆಯಿಲ್ಲ, ಸಂಕವಿಲ್ಲ, ಸೀರೆಯೂ ಇಲ್ಲ. ನಡೆದದ್ದೆಲ್ಲ ಬೇಸಗೆಯ ಸುಡುಬಿಸಿಲಿನಲ್ಲಿ, ನಡುಹಗಲಿನಲ್ಲಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಸುಳ್ಯ, ಕಡಬ ಎಲ್ಲವೂ ಆಗ ಪುತ್ತೂರು ತಾಲೂಕಿನವೇ. ನಮ್ಮ ಮನೆ ಆಲಂಕಾರಿನ ಹತ್ತಿರ. ನನಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಶಾಲೆ ಶುರುವಾಗುವುದರೊಳಗೆ ಡಾಕ್ಟರಿಂದ ಮೈಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಿದ್ದರು. ಅದಕ್ಕಾಗಿ ಪುತ್ತೂರಿಗೆ ಹೊರಟಿದ್ದೆ. ಅದೇ ಹೊತ್ತಿಗೆ ಅವ್ವ ಇನ್ನೊಂದು ಕೆಲಸವನ್ನೂ ನನ್ನ ತಲೆಗೆ ಕಟ್ಟಿದಳು. ಪುತ್ತೂರಿನ ಕೆಲಸ ಮುಗಿಸಿ ಅಲ್ಲಿಂದಲೇ ಮರ್ಕಂಜಕ್ಕೆ, ದೊಡ್ಡವ್ವನ ಮನೆಗೆ ಹೋಗಬೇಕು ಎಂದಳು.

ದೊಡ್ಡವ್ವ ಎಂದರೆ ಅವ್ವನ ಸ್ವಂತ ಅಕ್ಕ. ಅಕ್ಕತಂಗಿಯರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುವುದು ನಿಂತು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಮದುವೆಗೆ ನೆಂಟರನ್ನು ಅವರ ಮನೆಗೇ ಹೋಗಿ ಕರೆಯಬೇಕು. ನನ್ನ ಸೋದರತ್ತೆಯ ಮದುವೆಯ ಸಮಯದಲ್ಲಿ ಅಪ್ಪ ದನದ ಸಂತೆಯಲ್ಲಿ ಸಿಕ್ಕಿದ ದೊಡ್ಡಪ್ಪನಿಗೆ ಅಲ್ಲೇ ಬಾಯಿಮಾತಿನಲ್ಲಿ ಹೇಳಿಬಿಟ್ಟಿದ್ದರು. ದೊಡ್ಡವ್ವ ಮದುವೆಗೆ ಬಂದಳು, ಆದರೆ ಚಪ್ಪರದೊಳಗೆ ಕಾಲಿಡಲಿಲ್ಲ. ಅವ್ವ ಬೆಲ್ಲ ನೀರು ಹಿಡಿದುಕೊಂಡು ಅಂಗಳಕ್ಕೆ ಓಡಿದಾಗ, ದೈವದ ಗುಡಿಯ ಕಡೆಗೆ ಕೈ ತೋರಿಸಿ, ಈ ಮನೆಯ ನೀರು ಕುಡಿದರೆ ನನ್ನ ಮಕ್ಕಳ ಮೇಲೆ ಆಣೆ ಎಂದಳಂತೆ. ಅವ್ವನಿಗೂ ಸಿಟ್ಟು ನೆತ್ತಿಗೇರಿತು. ನಿನ್ನ ಮನೆಯ ನೀರು ಕುಡಿದರೆ ನನ್ನ ಮಕ್ಕಳ ಮೇಲೂ ಆಣೆ ಎಂದಳು. ಮಕ್ಕಳು ಎಂದರೆ ನಾನು ಮತ್ತು ನನ್ನ ಇಬ್ಬರು ತಂಗಿಯರು.

ಈಗ ದೊಡ್ಡವ್ವ ಹಾಸಿಗೆ ಹಿಡಿದಿದ್ದಾಳೆ, ಆಣೆಯನ್ನು ಮಕ್ಕಳ ಕಾಲಕ್ಕೆ ಉಳಿಸಿ ಹೋಗಲಾರೆ, ತಂಗಿಯ ಮನೆಯ ನೀರು ತಂದುಕೊಡಿ ಎನ್ನುತ್ತಿದ್ದಾಳೆ ಎಂದು ಸುದ್ದಿ ಬಂದಿತ್ತು. ಆ ಮನೆಯವರೇ ಬಂದು ಕೈಯಾರೆ ನೀರು ಕುಡಿಸಿದರೆ ಆಣೆ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮೊದಲು ಆಣೆ ಹಾಕಿದವಳು ಮೊದಲು ಬಿಡಿಸಿಕೊಳ್ಳಬೇಕು, ಆಮೇಲೆಯೇ ಎರಡನೆಯವಳದ್ದು ಬಿಡುವುದು. ಅವ್ವನೇ ಹೋಗುತ್ತಿದ್ದಳು. ಆದರೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಅವಳ ಕಾಲಿಗೆ ಪಟ್ಟಿ ಕಟ್ಟಿತ್ತು. ನಾನು ಬರುವ ದಿನವನ್ನು ಮರ್ಕಂಜಕ್ಕೆ ಮೊದಲೇ ಹೇಳಿಕಳಿಸಿದ್ದಳು. ತೊಳೆದ ಔಷಧಿಯ ಶೀಷೆಯಲ್ಲಿ ನಮ್ಮ ಬಾವಿಯ ನೀರು ತುಂಬಿಸಿ, ಬಿರಡೆ ಹಾಕಿ, ಬಟ್ಟೆ ಸುತ್ತಿ ನನ್ನ ಚೀಲಕ್ಕಿಟ್ಟಳು.

"ನಿನ್ನ ಕೈಯಾರೆ ಕುಡಿಸ್ಬೇಕು. ಅವಳು ಕುಡಿಯುವ ಮೊದಲು ನೀನು ಅಲ್ಲಿ ಒಂದು ತೊಟ್ಟು ಸಹ ಬಾಯಿಗೆ ಹಾಕ್ಬೇಡ" ಎಂದಳು. ನನಗೆ ಆಣೆಯಲ್ಲಿ ನಂಬಿಕೆಯಿರಲಿಲ್ಲ. ಆದರೆ ಅವ್ವನ ಹೆದರಿಕೆ ನಿಜವಾಗಿತ್ತು. ಹ್ಞೂಂ ಎಂದೆ.

ಪುತ್ತೂರಿನ ಡಾಕ್ಟರು ಎದೆ, ನಾಲಿಗೆ, ಹಲ್ಲು ಎಲ್ಲ ನೋಡಿ ಕೊನೆಗೆ ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಮೇಲಿನ ಎರಡು ಸಾಲು ದಾಟಲು ನನ್ನಿಂದಾಗಲಿಲ್ಲ. ಕಣ್ಣಿಗೆ ಏನೋ ಔಷಧಿ ಬಿಟ್ಟು, ಕನ್ನಡಕ ಬೇಕಾದೀತು, ನಾಳೆ ಬೆಳಿಗ್ಗೆ ಪುನಃ ಬಾ, ಇವತ್ತು ಬಿಸಿಲಿಗೆ ಹೋಗಬೇಡ ಎಂದರು. ಸ್ವಲ್ಪ ಹೊತ್ತಿನಲ್ಲಿ ಎದುರಿನವರ ಮುಖ ಗುರುತಿಸುವುದೂ ಕಷ್ಟವಾಯಿತು. ಹೊರಗಿನ ಬೆಳಕಿಗೆ ಕಣ್ಣು ತೆರೆಯಲಾಗದೆ ನೀರು ಸುರಿಯಿತು. ಹೆಗಲ ಮೇಲಿದ್ದ ಬೈರಾಸು ವಸ್ತ್ರವನ್ನು ತಲೆಗೆ ಹಾಕಿ ಹಣೆಯ ಮೇಲೆ ಇಳಿಬಿಟ್ಟುಕೊಂಡು ತಡವರಿಸುತ್ತಾ ಹಮೀದನ ಅಂಗಡಿಗೆ ಹೋದೆ.

ಹಮೀದ್ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ಪೇಟೆಯಲ್ಲಿ ಅವನ ಬಾಪನ ಜವಳಿ ಅಂಗಡಿಯಿತ್ತು. ಅಂಗಡಿಯ ಮಾಳಿಗೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಚಾಪೆ ಹಾಸಿ, ಕಿಟಕಿ ಮುಚ್ಚಿ ನನ್ನನ್ನು ಮಲಗಿಸಿದ. ಮಧ್ಯಾಹ್ನ ಮನೆಯಿಂದ ಊಟ ತರಿಸಿಕೊಟ್ಟ. ಆಮೇಲೊಮ್ಮೆ ನಿಂಬೆ ಶರಬತ್ತು ಹಿಡಿದು ಬಂದು, "ಎಂತ ಮಾರಾಯ, ಮೇಷ್ಟ್ರ ಕೆಲಸಕ್ಕೆ ಸೇರುವ ಮೊದಲೇ ಕುರುಡಾದೆಯಲ್ಲ" ಎಂದು ತಮಾಷೆ ಮಾಡಿದ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ದಿನ ಹಗಲಿಡೀ ನಾನು ಆ ಮಾಳಿಗೆಯಲ್ಲಿಯೇ ಇದ್ದೆ. ಚೀಲ ತಲೆದೆಸೆಯಲ್ಲಿತ್ತು. ಅಂಗಡಿಯ ಒಳಗಿನಿಂದಲ್ಲದೆ ಅಲ್ಲಿಂದ ಇಳಿಯಲು ಬೇರೆ ಮೆಟ್ಟಿಲೇ ಇರಲಿಲ್ಲ.

ಮರುದಿನ ಡಾಕ್ಟರು ನೋಡಿ ಬಿಟ್ಟ ಕೂಡಲೇ ಸುಳ್ಯದ ಬಸ್ಸು ಹಿಡಿದೆ. ಕಣ್ಣು ಇನ್ನೂ ಸರಿಯಾಗಿರಲಿಲ್ಲ. ಸುಳ್ಯದಿಂದ ಮುಂದೆ ಮರದ ಲಾರಿಯೊಂದರಲ್ಲಿ ಸ್ವಲ್ಪ ದೂರ ಹೋಗಿ ಉಳಿದ ದಾರಿಯನ್ನು ನಡೆದೆ. ಚಿಕ್ಕಂದಿನಲ್ಲಿ ಹೋಗಿದ್ದ ಮನೆ, ದಾರಿ ಅಷ್ಟಾಗಿ ನೆನಪಿರಲಿಲ್ಲ. ಕೇಳಿಕೊಂಡು ಕೇಳಿಕೊಂಡು ಹೋದೆ. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಬಗಲಲ್ಲಿ ನೀರಿನ ಶೀಷೆ ಇಟ್ಟುಕೊಂಡು ಬಾಯಾರಿ ಸಾಯುವ ಮನುಷ್ಯ ನಾನೊಬ್ಬನೇ ಇರಬೇಕು ಎಂದು ನನ್ನನ್ನು ನಾನೇ ನಗಿಸಿಕೊಂಡೆ.

ಅಂಗಳದಲ್ಲಿ ದೊಡ್ಡವ್ವನ ಸೊಸೆ ಹಪ್ಪಳ ಒಣಗಿಸುತ್ತಿದ್ದಳು. ನನಗೆ ಅತ್ತಿಗೆಯಾಗಬೇಕು. ಅವಳ ಮದುವೆಯಾದದ್ದು ಜಗಳದ ನಂತರ, ಆದ್ದರಿಂದ ನಾವು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ನಾನು ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತಳು.

"ಎಂತ ಬಾವ, ಪುನಃ ಬಂದದ್ದು? ಎಂತಾದ್ರು ಬಿಟ್ಟು ಹೋಗಿದ್ರಾ?"

ಯಾರೋ ಬೇರೆಯವರೆಂದು ತಿಳಿದಿದ್ದಾಳೆ ಎಂದುಕೊಂಡು ನನ್ನ ಹೆಸರು, ಊರು ಹೇಳಿದೆ. ಅವಳು ನಕ್ಕುಬಿಟ್ಟಳು. "ಅಯ್ಯೋ, ನಿನ್ನೆ ಹೇಳಿದ್ದೀರಲ್ಲ. ಕಣ್ಣು ಇನ್ನೂ ಗುಣ ಆಗ್ಲಿಲ್ವಾ? ನಿನ್ನೆ ಸಹ ಹೀಗೇ ಬೈರಾಸು ಇಳಿಸಿಕೊಂಡು ಬಂದದ್ದು ನೀವು" ಎಂದಳು.

ನಾನು ನಿನ್ನೆ ಪುತ್ತೂರಿನಲ್ಲಿದ್ದೆ ಎಂದೆ. ಅವಳ ನಗು ನಿಂತಿತು. ಒಳಗಿನಿಂದ ಅಣ್ಣ, ಎಂದರೆ ಅವಳ ಗಂಡ, ಬಂದ. ಅವನೂ ಅದನ್ನೇ ಹೇಳಿದ. ನಿನ್ನೆ ಮಧ್ಯಾಹ್ನ ನಾನು ಬಂದೆನಂತೆ. ಬೆಲ್ಲ ನೀರು ಕೊಟ್ಟರೆ ಮೊದಲು ದೊಡ್ಡವ್ವ ಕುಡಿಯಲಿ ಎಂದೆನಂತೆ. ಶೀಷೆಯ ನೀರನ್ನು ಲೋಟಕ್ಕೆ ಬಗ್ಗಿಸಿ ಅವಳಿಗೆ ಕುಡಿಸಿದೆನಂತೆ. ಆಮೇಲೆ ಆ ಮನೆಯ ನೀರನ್ನು ನಾನೂ ಕುಡಿದು, ಬಿಸಿಲಿಗೆ ಕಣ್ಣು ಉರಿಯುತ್ತದೆ, ಡಾಕ್ಟರ ಹತ್ತಿರ ಹೋಗಬೇಕು ಎಂದು ಹೆಚ್ಚು ಹೊತ್ತು ನಿಲ್ಲದೆ ಹೊರಟೆನಂತೆ. ಅವರ ಮುಖ ಸರಿಯಾಗಿ ಕಂಡಿದ್ದರೆ ತಮಾಷೆಯೋ ನಿಜವೋ ತಿಳಿಯುತ್ತಿತ್ತು. ನನಗೆ ಕಾಣುತ್ತಿದ್ದದ್ದು ಮಂಜಾದ ಎರಡು ಆಕಾರಗಳು ಮಾತ್ರ.

ಒಳಗೆ ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು. ಅನ್ನ ನೀರು ಬಿಟ್ಟಿದ್ದವಳು ನಿನ್ನೆಯಿಂದ ಗಂಜಿ ಕುಡಿಯುತ್ತಿದ್ದಾಳೆ ಎಂದರು. ನಾನು ಚೀಲದಿಂದ ಶೀಷೆ ತೆಗೆದು ಬಟ್ಟೆ ಬಿಚ್ಚಿದೆ. ಬಿರಡೆ ಹಾಕಿದ್ದು ಹಾಗೆಯೇ ಇತ್ತು, ನೀರು ಕತ್ತಿನವರೆಗೆ ತುಂಬಿತ್ತು. ದೊಡ್ಡವ್ವ, ನಾನು ಬರುತ್ತಿರುವುದು ಇವತ್ತೇ, ಇದೇ ನಮ್ಮ ಬಾವಿಯ ನೀರು, ಕುಡಿ ಎಂದೆ. ಅವಳು ಶೀಷೆಯನ್ನು ಬಿಟ್ಟು ನನ್ನ ಮುಂಗೈ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಇದೇ ಕೈ. ನಿನ್ನೆ ಇದನ್ನೇ ಹಿಡ್ಕೊಂಡು ಕುಡಿದದ್ದು. ನನಗೆ ಅರಳುಮರಳು ಆಗ್ಲಿಲ್ಲ ಮಗ, ನಿನಗೆ ಬಿಸಿಲು ತಲೆಗೆ ಹತ್ತಿದೆ."

ಆದರೂ ಇದನ್ನು ಒಮ್ಮೆ ಕುಡಿದುಬಿಡು, ಅವ್ವನ ಸಮಾಧಾನಕ್ಕೆ ಎಂದು ಬೇಡಿಕೊಂಡೆ. ಅವಳು ಒಪ್ಪಲಿಲ್ಲ. "ಎರಡು ಸಲ ಬಿಡಿಸ್ಲಿಕ್ಕೆ ನಾನು ಎರಡು ಸಲ ಆಣೆ ಹಾಕಿದ್ದೇನಾ? ಈಗ ಪುನಃ ಕುಡಿದ್ರೆ ನಿನ್ನೆದು ಸುಳ್ಳು ಅಂತ ಆಗ್ತದೆ. ನಿನ್ನೆ ಮನಸ್ಸು ತಣ್ಣಗಾಗಿದೆ ನನಗೆ. ಅದನ್ನು ಕದಡ್ಬೇಡ" ಎಂದಳು. ಹಳೆಯ ಹಟವೆಲ್ಲ ಆ ದನಿಯಲ್ಲಿ ಹಾಗೆಯೇ ಇತ್ತು. ಇನ್ನೂ ಮಾತು ಬೆಳೆಸಿದರೆ ಅವಳಿಗೆ ಬಂದಿರುವ ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತದೆ ಅನ್ನಿಸಿ ಶೀಷೆಯನ್ನು ಪಕ್ಕಕ್ಕಿಟ್ಟೆ. ಅತ್ತಿಗೆ ಬೆಲ್ಲ ನೀರು ತಂದಿಟ್ಟಳು. ಕುಡಿಯಬೇಕೋ ಬೇಡವೋ ತಿಳಿಯಲಿಲ್ಲ. ಬಾಯಾರಿಕೆ ತಾಳದೆ ಕುಡಿದೆ. ಶೀಷೆಯ ನೀರನ್ನು ತುಳಸಿಯ ಬುಡಕ್ಕೆ ಹೊಯ್ದು ಬಂದೆ.

ಮನೆಗೆ ಬಂದು ಅವ್ವನಿಗೆ ಒಂದಕ್ಷರ ಬಿಡದೆ ಹೇಳಿದೆ. ಅಪ್ಪ ಎಲ್ಲವನ್ನೂ ಕಣ್ಣಿನ ಔಷಧಿಯ ಮೇಲೆ ಹಾಕಿದರು. ಅವ್ವ ಮಾತ್ರ, ಅಕ್ಕನೇ ಬಾಯಿ ಬಿಟ್ಟು ಕುಡಿದೆ ಅಂದಳಾ ಎಂದು ಎರಡೆರಡು ಸಲ ಕೇಳಿದಳು. ಹೌದೆಂದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ಸಂಶಯಪಡುವುದು ನನ್ನ ಹುಟ್ಟುಗುಣವಾದ್ದರಿಂದ ನಾನು ಸುಮ್ಮನೆ ಕೂರಲಿಲ್ಲ. ಹೇಳಿದ ದಿನಕ್ಕೆ ನಾನು ಬಾರದಿದ್ದಾಗ, ಮುದುಕಿ ನೆಮ್ಮದಿಯಾಗಿ ಸಾಯಲಿ ಎಂದು ಮನೆಯವರೇ ಯಾರಿಂದಲೋ ನನ್ನ ವೇಷ ಹಾಕಿಸಿರಬಹುದು ಎಂದು ತರ್ಕಿಸಿದೆ. ಬಹಳ ದಿನ ಅದನ್ನೇ ನಂಬಿದ್ದೆ. ಆದರೆ ಕಣ್ಣಿನ ವಿಷಯ ಅವರಿಗೆ ಹೇಗೆ ತಿಳಿಯಿತು? ಔಷಧಿ ಬಿಡುತ್ತಾರೆಂದು ಆ ಬೆಳಿಗ್ಗೆಯವರೆಗೆ ನನಗೇ ಗೊತ್ತಿರಲಿಲ್ಲ. ಹಮೀದನನ್ನು ಕೇಳಿದೆ. ನಾನು ಇಡೀ ದಿನ ಗೊರಕೆ ಹೊಡೆಯುತ್ತಿದ್ದೆ, ಗಿರಾಕಿಗಳಿಗೂ ಕೇಳುತ್ತಿತ್ತು ಎಂದ. ಅತ್ತಿಗೆಯನ್ನು ಎಷ್ಟೋ ವರ್ಷಗಳ ಮೇಲೆ ಒಬ್ಬಳನ್ನೇ ಕೂರಿಸಿ ಕೇಳಿದೆ. "ನೀವೇ ಬಾವ. ಬೇರೆ ಯಾರಾದ್ರೂ ಆದ್ರೆ ನನಗೆ ಗೊತ್ತಾಗುದಿಲ್ವಾ?" ಎಂದು ಅವಳು ಕಣ್ಣೀರು ಹಾಕಿದಳು. ಆಮೇಲೆ ಕೇಳುವುದನ್ನು ಬಿಟ್ಟೆ.

ಮಳೆ ಶುರುವಾಗುವ ಮೊದಲೇ ದೊಡ್ಡವ್ವ ತೀರಿಹೋದಳು. ಉತ್ತರಕ್ರಿಯೆಯ ಬೊಜ್ಜದ ದಿನ ಅವ್ವ ಕೋಲೂರಿಕೊಂಡು ಬಂದೇ ಬಂದಳು. ನೆಂಟರಿಷ್ಟರೆಲ್ಲ ಜಗಲಿಯಲ್ಲಿ ಕೂತಿದ್ದರು. ಅವ್ವ ನೀರು ಮುಟ್ಟುತ್ತಾಳೋ ಇಲ್ಲವೋ ಎಂದು ನೋಡುವುದೇ ಅಂದು ಎಲ್ಲರಿಗೂ ದೊಡ್ಡ ಕೆಲಸ. ಅತ್ತಿಗೆ ಚೊಂಬು ತಂದು ಅವಳ ಕೈಗೆ ಕೊಟ್ಟಳು. ಅವ್ವ ಚೊಂಬು ಹಿಡಿದವಳು ಕುಡಿಯಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. ಅಲ್ಲಿದ್ದವರೆಲ್ಲ, ಮಗ ಬಂದು ಕುಡಿಸಿ ಹೋಗಿದ್ದಾನೆ, ಆಣೆ ಬಿಟ್ಟಾಗಿದೆ ಎಂದು ನಂಬಿದ್ದವರು. ಕುಡಿಸಿದ್ದು ಈ ಕೈಯಲ್ಲ ಎಂದು ನಂಬಿದ್ದವರು ಅವ್ವ ಮತ್ತು ನಾನು ಇಬ್ಬರೇ.

"ಕುಡಿಯಲಾ ಮಗ?" ಎಂದು ಕೇಳಿದಳು.

ಆಣೆಯನ್ನು ನಂಬದ ನನ್ನ ಎದೆ ಆಗ ಹೊಡೆದುಕೊಂಡಷ್ಟು ಮತ್ತೆಂದೂ ಹೊಡೆದುಕೊಂಡಿಲ್ಲ. ತಂಗಿಯರಿಬ್ಬರೂ ಕಂಬದ ಪಕ್ಕದಲ್ಲೇ ನಿಂತಿದ್ದರು. ಬೇಡ ಎಂದರೆ ಅಕ್ಕತಂಗಿಯರ ಜಗಳ ಒಬ್ಬಳು ಸತ್ತ ಮೇಲೂ ಉಳಿಯುತ್ತದೆ. ಕುಡಿ ಎನ್ನಲು, ಆ ದಿನ ಮರ್ಕಂಜದ ಗುಡ್ಡ ಹತ್ತಿದವನು ಯಾರೆಂದು ನನಗೆ ತಿಳಿದಿರಬೇಕಿತ್ತು.

"ಕುಡಿ ಅವ್ವ" ಎಂದೆ.

ಅವಳು ಚೊಂಬು ಎತ್ತಿ, ಕೆಳಗಿಡದೆ, ಪೂರ್ತಿ ಕುಡಿದಳು. ಯಾವ ಆಧಾರದ ಮೇಲೆ ಹಾಗೆ ಹೇಳಿದೆ ಎಂದು ನನ್ನನ್ನು ಈಗ ಕೇಳಿದರೂ ನನಗೆ ಗೊತ್ತಿಲ್ಲ.