ಮಜ್ಜಿಗೆ ಕೊಡಲ್ಲ ಎಂದ ಗೌರಮ್ಮ

೨೦೦೪ನೇ ಇಸವಿಯ ಬೇಸಿಗೆ. ಮಾದಿಹಳ್ಳಿಯಲ್ಲಿರುವ ನನ್ನ ತಂಗಿಯ ಮಗುವಿಗೆ ನಾಮಕರಣವಿತ್ತು. ಅರಸೀಕೆರೆಯಿಂದ ನಾನು, ನಮ್ಮವರು ಇಬ್ಬರೇ ಹೋಗಿದ್ದೆವು.

ನಮ್ಮವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಗ್ಗೆಯಿಂದ ಸಂಜೆವರೆಗೆ ಕೂತಲ್ಲೇ ಕೆಲಸ. ಎದುರಿಗೇ ಹೋಟೆಲ್. ಹನ್ನೊಂದು ಗಂಟೆಗೆ ಮಸಾಲೆ ದೋಸೆ, ನಾಲ್ಕು ಗಂಟೆಗೆ ಬೋಂಡಾ. ಮದುವೆಯಲ್ಲಿ ಕಡ್ಡಿಯಂತಿದ್ದವರು ಹದಿನೈದು ವರ್ಷದಲ್ಲಿ ನೂರು ಕೆ.ಜಿ. ದಾಟಿದ್ದರು. ನಾಮಕರಣದ ಹಿಂದಿನ ವರ್ಷ ನಮ್ಮೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಬ್ಬು ಜಾಸ್ತಿ ಇದೆ, ಬಿ.ಪಿ.ಯೂ ಇದೆ ಅಂತ ಎರಡು ಮಾತ್ರೆ ಬರೆದುಕೊಟ್ಟಿದ್ದರು.

ಆ ಮಾತ್ರೆ ಬಿಡಿಸಿದವಳು ನಾನು.

ನಾನು ಪ್ರೈಮರಿ ಸ್ಕೂಲ್ ಟೀಚರು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಮೊಸರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಅವು ಹೊಟ್ಟೆಯ ಬೊಜ್ಜು ಕರಗಿಸಿ ಹೃದಯವನ್ನೂ ಕಾಪಾಡುತ್ತವೆ ಅಂತ ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ನಮ್ಮವರಿಗೆ ಮಾತ್ರೆ ನುಂಗಿದರೆ ಸುಸ್ತು. "ಮನೇಲೇ ಔಷಧ ಇರುವಾಗ ಮಾತ್ರೆ ಯಾಕ್ರೀ?" ಅಂದೆ. ಅವರಿಗೂ ಅದೇ ಬೇಕಾಗಿತ್ತು. ದಿನಾ ಎರಡು ಬಟ್ಟಲು ಮೊಸರು, ಮಧ್ಯಾಹ್ನ ಚೊಂಬು ಮಜ್ಜಿಗೆ. ಬೋಂಡಾ ಮಾತ್ರ ನಿಲ್ಲಲಿಲ್ಲ.

ನಾಮಕರಣದ ಊಟದಲ್ಲಿ ನಾಲ್ಕು ಹೋಳಿಗೆ, ಮೇಲೆ ತುಪ್ಪ, ಆಂಬೊಡೆ. ಎದ್ದು ಕೈ ತೊಳೆಯುವಾಗಲೇ "ಎದೆ ಯಾಕೋ ಉರೀತಿದೆ ಕಣೇ" ಅಂದರು. "ಗ್ಯಾಸು ಕಣ್ರೀ" ಅಂತ ಹೇಳಿ ತಂಗಿಯ ಮನೆಯ ಮಜ್ಜಿಗೆ ಕುಡಿಸಿ ಅರ್ಧ ಗಂಟೆ ಮಲಗಿಸಿದೆ. ಸ್ವಲ್ಪ ಪರವಾಗಿಲ್ಲ ಅಂದರು. ಆಟೋ ಹಿಡಿದು ಹಳೇಬೀಡಿಗೆ ಬಂದೆವು. ಅಲ್ಲಿಂದ ಅರಸೀಕೆರೆಗೆ ಬಸ್ಸು ಹಿಡಿಯಬೇಕಿತ್ತು.

ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಆಟೋ ಇಳಿದು ಹತ್ತು ಹೆಜ್ಜೆ ಹಾಕಿಲ್ಲ, ನಮ್ಮವರು ಕಲ್ಲಿನ ಕಟ್ಟೆ ಮೇಲೆ ಕುಸಿದು ಕೂತರು. ಅಂಗಿ ತೊಯ್ದು ಮೈಗೆ ಅಂಟಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು.

ಪಕ್ಕದ ಮರದ ಕೆಳಗೆ ಒಬ್ಬ ಹೆಂಗಸು ಮಡಕೆ ಇಟ್ಟುಕೊಂಡು ದೇವಸ್ಥಾನ ನೋಡಲು ಬಂದವರಿಗೆ ಮಜ್ಜಿಗೆ ಮಾರುತ್ತಿದ್ದರು. ನಾನು ಓಡಿದೆ.

"ಅಮ್ಮಾ, ಬೇಗ ಒಂದು ಲೋಟ ಕೊಡಿ. ನಮ್ಮವರಿಗೆ ಗ್ಯಾಸ್ ಆಗಿದೆ."

ಆಕೆ ಲೋಟಕ್ಕೆ ಕೈ ಹಾಕಿದವರು ನಮ್ಮವರ ಕಡೆ ನೋಡಿದರು. ಎದ್ದು ಹೋಗಿ ಅವರ ಹಣೆ ಮುಟ್ಟಿದರು. ಬಂದು ಮಡಕೆಗೆ ತಟ್ಟೆ ಮುಚ್ಚಿಬಿಟ್ಟರು.

"ಮಜ್ಜಿಗೆ ಕೊಡಲ್ಲ ಕಣವ್ವ."

"ಯಾಕೆ?" ನನಗೆ ಸಿಟ್ಟೇ ಬಂತು.

"ಇದು ಗ್ಯಾಸಲ್ಲ. ಈ ತಣ್ಣನೆ ಬೆವರು ನಾನು ನೋಡಿವ್ನಿ. ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ಹೋಗು."

ಅಷ್ಟರಲ್ಲಿ ಅರಸೀಕೆರೆ ಬಸ್ಸು ಬಂತು. "ಹತ್ತೋಣ ನಡಿ, ಮನೆಗೋಗಿ ಮಲಗಿದ್ರೆ ಸರಿಹೋಗುತ್ತೆ" ಅಂತ ನಮ್ಮವರು ಏಳಲು ನೋಡಿದರು. ನನಗೂ ಮನೆ ಸೇರಿದರೆ ಸಾಕು ಅನಿಸಿತ್ತು. ಆಕೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ನನ್ನ ಮಾತು ಕೇಳವ್ವ. ಜಾವಗಲ್ಲು, ಬಾಣಾವರ ದಾಟಿ ಹೋಗ್ಬೇಕು ನೀನು. ನಡುದಾರೀಲಿ ಏನಾರ ಆದ್ರೆ ಯಾರನ್ನ ಕರೀತೀಯ?"

ನಾನು ನಮ್ಮವರನ್ನು ಮತ್ತೆ ಕಟ್ಟೆ ಮೇಲೆ ಕೂರಿಸಿದೆ. ಬಸ್ಸು ನಮ್ಮ ಕಣ್ಣೆದುರೇ ಹೊರಟಿತು. ಆಕೆ ಎಳನೀರು ಇಳಿಸುತ್ತಿದ್ದ ಲಗೇಜ್ ಆಟೋದವನನ್ನು ಕೂಗಿ ಕರೆದು, ಮಡಕೆಯನ್ನು ಅಲ್ಲೇ ಬಿಟ್ಟು, ನಮ್ಮ ಜೊತೆ ತಾವೂ ಹತ್ತಿದರು.

ಸರ್ಕಾರಿ ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಇ.ಸಿ.ಜಿ. ಕಾಗದ ನೋಡಿದ್ದೇ ಒಂದು ಮಾತ್ರೆ ಅಗಿಯಲು ಕೊಟ್ಟರು, ಇನ್ನೊಂದನ್ನು ನಾಲಿಗೆ ಕೆಳಗೆ ಇಟ್ಟರು. ನನ್ನನ್ನು ಬಾಗಿಲ ಹತ್ತಿರ ಕರೆದು, "ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ತಕ್ಷಣ ಹಾಸನಕ್ಕೆ ಹೋಗ್ಬೇಕು. ದಿನಾ ಯಾವ ಮಾತ್ರೆ ತಗೋತಾರೆ?" ಅಂದರು.

"ತಗೋತಿದ್ರು... ನಾನೇ ಬಿಡಿಸಿದೆ" ಅಂದೆ. ಅವರು ಆಂಬುಲೆನ್ಸಿಗೆ ಹೇಳಿ ಕಳಿಸಿ, ಹಾಸನಕ್ಕೆ ಚೀಟಿ ಬರೆಯತೊಡಗಿದರು. ಬೈದಿದ್ದರೆ ವಾಸಿಯಿತ್ತು.

ಹಾಸನದ ಆ ದಾರಿ ಎಷ್ಟು ಉದ್ದವಾಗಿತ್ತೋ ದೇವರಿಗೇ ಗೊತ್ತು. ಆಂಬುಲೆನ್ಸಿನಲ್ಲಿ ನಮ್ಮವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. "ಇನ್ನೊಂದು ಚಪ್ಪಲಿ ಎಲ್ಲೇ?" ಅಂತ ಕೇಳುತ್ತಲೇ ಇದ್ದರು. "ಇಲ್ಲೇ ಇದೆ ಕಣ್ರೀ" ಅಂತ ಸುಳ್ಳು ಹೇಳುತ್ತಿದ್ದೆ. ಕೇಳುತ್ತಾ ಇರಲಿ, ಕೇಳುವುದು ಮಾತ್ರ ನಿಲ್ಲದಿರಲಿ ಅಂತ ಬೇಡಿಕೊಂಡೆ. ಹಾಸನ ಹತ್ತಿರ ಬರುವಾಗ ಕೇಳುವುದು ನಿಂತಿತು. ಅವರ ಬೆರಳು ಹಿಡಿದರೆ ತಣ್ಣಗೆ. "ಇವ್ರೇ, ಇವ್ರೇ" ಅಂತ ಕಿರುಚಿದೆ. ಜೊತೆಗಿದ್ದ ನರ್ಸು ನಾಡಿ ಹಿಡಿದು, "ಉಸಿರಾಡ್ತಿದಾರೆ, ಸುಮ್ನಿರಮ್ಮ" ಅಂದರು. ಆ ಗಳಿಗೆಯಲ್ಲಿ ನನ್ನ ಪ್ರಾಣ ಹೋಗಿ ಬಂತು.

ಅವರು ಉಳಿದರು. ನಾಲ್ಕನೇ ದಿನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಇಟ್ಟುಕೊಂಡು ಮಾತ್ರೆ ಬಿಟ್ಟ ವಿಷಯ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ನಾನೇ ಸೋಮಾರಿತನ ಮಾಡ್ದೆ ಸಾರ್" ಅಂದುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಡಾಕ್ಟರು ನಗಲಿಲ್ಲ. "ಮೊಸರು ಒಳ್ಳೇದೇ ಅಮ್ಮ. ಅದರೊಳಗಿನ ಬ್ಯಾಕ್ಟೀರಿಯಾನೂ ಹೊಟ್ಟೆಗೆ ಒಳ್ಳೇವೇ. ಬೊಜ್ಜಿಗೆ, ಹೃದಯಕ್ಕೆ ಅವುಗಳಿಂದ ಎಷ್ಟು ಉಪಯೋಗ ಅಂತ ಇನ್ನೂ ತಿಳ್ಕೋತಾ ಇದಾರೆ. ಆದ್ರೆ ದಿನಾ ಕರಿದಿದ್ದು ತಿಂದು ಮೇಲೆ ಮೊಸರು ಸುರಿದ್ರೆ ರಕ್ತನಾಳ ಶುದ್ಧ ಆಗಲ್ಲ. ಊಟದ ಜಾಗ ಊಟಕ್ಕೆ, ಮಾತ್ರೆ ಜಾಗ ಮಾತ್ರೆಗೆ" ಅಂದರು.

ಎರಡು ತಿಂಗಳಾದ ಮೇಲೆ ಆ ತಾಯಿಯನ್ನು ಹುಡುಕಿಕೊಂಡು ಹಳೇಬೀಡಿಗೆ ಹೋದೆವು. ಹೆಸರು ಗೌರಮ್ಮ ಅಂತ ಆವತ್ತೇ ತಿಳಿದದ್ದು. ಸೀರೆ, ಹಣ್ಣು ಕೊಟ್ಟರೆ ಹಣ್ಣು ಮಾತ್ರ ತೆಗೆದುಕೊಂಡರು. "ಅಷ್ಟು ಖಚಿತವಾಗಿ ಹೆಂಗೆ ಹೇಳಿದ್ರಿ ಅಮ್ಮಾ?" ಅಂತ ಕೇಳಿದೆ.

ಗೌರಮ್ಮ ಲೋಟ ತೊಳೆಯುತ್ತಲೇ ಹೇಳಿದರು. "ನಮ್ಮನೆಯೋರೂ ಹೊಲದಿಂದ ಬಂದು ಎದೆ ಉರಿ ಅಂದ್ರು ಕಣವ್ವ. ಹಿಂಗೇ ಬೆವೆತಿದ್ರು. ಮಜ್ಜಿಗೆ ಕುಡ್ಸಿ ಮಲಗಿಸ್ದೆ. ಏಳ್ಲೇ ಇಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ನನ್ನ ಪಾಲಿಗೂ ಅದೇ ಬರೆದಿತ್ತು, ಆಕೆ ಅಡ್ಡ ನಿಂತರು.

ನಮ್ಮವರು ಈಗ ಸಾಕಷ್ಟು ಇಳಿದಿದ್ದಾರೆ, ಬೆಳಗ್ಗೆ ನಡೆಯುತ್ತಾರೆ, ತಪ್ಪದೆ ಮಾತ್ರೆ ನುಂಗುತ್ತಾರೆ. ಆದರೆ ನನ್ನ ಹೆದರಿಕೆ ಹೋಗಿಲ್ಲ. ಊಟದ ಮಧ್ಯೆ ಅವರು ಸುಮ್ಮನೆ ಎದೆ ನೀವಿಕೊಂಡರೂ ನನ್ನ ತುತ್ತು ಕೈಯಲ್ಲೇ ನಿಲ್ಲುತ್ತದೆ. "ಏನಿಲ್ಲ ಕಣೇ, ತೇಗು" ಅಂತಾರೆ. ನಾನು ನಂಬುವುದಿಲ್ಲ. ಎದ್ದು ಹೋಗಿ, ಎಡಗೈಯಲ್ಲಿ ಅವರ ಹಣೆ ಮುಟ್ಟಿ, ಬೆಚ್ಚಗಿದೆ, ಬೆವರಿಲ್ಲ ಅಂತ ಖಾತ್ರಿಯಾದ ಮೇಲೆಯೇ ಉಣ್ಣುತ್ತೇನೆ.