ಮದ್ರಾಸು ಕಾಣದ ಮದ್ರಾಸಿ ದಿದಿ

ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಅರಿವೆ ಎಳೆದಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟು, ಬಿಸಿ ಹಬೆ, ಅಲ್ಲಲ್ಲಿ ಸುಟ್ಟ ಅರಿವೆಯ ಅಂಚು, ಜಾಲಿ ಕಟ್ಟಿಗೆಯ ಹೊಗೆ ಎಲ್ಲ ಬೆರೆತ ವಾಸನೆ. ನರಗುಂದದ ಮನೆಯಲ್ಲಿ ಚಿಕ್ಕ ಗೌರಿಗೆ ಬೆಳಗಾಗುತ್ತಿದ್ದುದೇ ಅದರಿಂದ. ಕಣ್ಣಿಗಿಂತ ಮೊದಲು ಮೂಗು ಎಚ್ಚರವಾಗುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸದ್ದು ಆಮೇಲೆ ಕೇಳುತ್ತಿತ್ತು.

ಈಗ ಬೆಳಕು ಹರಿಯುತ್ತಿರುವುದು ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ. ಕಚೇರಿಗಳ ಬಾಗಿಲು ಇನ್ನೂ ತೆರೆದಿಲ್ಲ. ಬೀದಿ ಬದಿಯ ಕೊಳಾಯಿಯಿಂದ ಗಂಗೆಯ ಮಣ್ಣು ನೀರು ಉಕ್ಕಿ ರಸ್ತೆ ತೊಳೆಯುತ್ತಿದೆ. ಹಳೆಯ ಕಟ್ಟಡವೊಂದರ ಪಕ್ಕದ ಗಲ್ಲಿಯಲ್ಲಿ ಹಳದಿ ಬಣ್ಣದ ಮಿನಿ ಟ್ರಕ್ಕೊಂದು ನಿಂತಲ್ಲೇ ಸಣ್ಣಗೆ ಅಲುಗುತ್ತಿದೆ. ಎಂಜಿನ್ ಬಂದ್ ಆಗಿದೆ, ಗಾಳಿಯೂ ಇಲ್ಲ. ಒಳಗೆ, ಅರವತ್ತರ ಹತ್ತಿರ ಬಂದ ಗೌರಿ ರೊಟ್ಟಿ ಬಡಿಯುತ್ತಿದ್ದಾರೆ. ಅವರ ಅಂಗೈ ಬಿದ್ದಾಗಲೆಲ್ಲ ಗಾಡಿ ತೂಗುತ್ತದೆ, ಚಟ್ನಿ ಡಬ್ಬಿಗಳು ಗಲಗಲ ಎನ್ನುತ್ತವೆ. ಮುಂದಿನ ಸೀಟಿನಲ್ಲಿ ಟವೆಲ್ ಹೊದ್ದು ಮಲಗಿದ್ದ ಗಂಡ ಶಂಕರಲಿಂಗ ಎದ್ದು ಕೂರುತ್ತಾರೆ.

"ಏ ಗೌರಿ, ರೊಟ್ಟಿ ಬಡಿಯಾಕತ್ತೀಯೊ, ಗಾಡಿ ಬಡಿಯಾಕತ್ತೀಯೊ? ಇಲ್ಲಿ ಭೂಕಂಪ ಆಗೇತಿ."

"ಏಳ್ರಿ ಇನ್ನ. ನಿಮ್ಮ ರೈಲ್ವೆ ನೌಕರಿ ಮುಗದೈತಿ, ನಿದ್ದಿ ಮಾತ್ರ ಮುಗದಿಲ್ಲ."

"ಬಡಿ, ಬಡಿ. ಇವತ್ತೊಂದ ದಿನ. ಮಧ್ಯಾಹ್ನ ಹಾರಾಧನ ಬ್ರಷ್ ಅದ್ದಿದ ಮ್ಯಾಲೆ ಈ ಮಾತು ಮುಗೀತು."

ಹಾರಾಧನ ಎಂದರೆ ಸಿಯಾಲ್ದಾದ ಬೋರ್ಡು ಬರೆಯುವವರು. ಟ್ರಕ್ಕಿನ ಬಣ್ಣ ಕಿತ್ತುಬಂದಿದೆ, ಇವತ್ತು ಮಧ್ಯಾಹ್ನ ಅವರು ಬಂದು ಹೆಸರನ್ನು ಹೊಸದಾಗಿ ಬರೆಯಬೇಕು. ಆರೇಳು ವರ್ಷದ ಹಿಂದೆ ಗಾಡಿ ಕೊಂಡಾಗ ಬರೆದವರೂ ಅವರೇ. ಏನು ಬರೆಯಲಿ ಎಂದು ಕೇಳಿದಾಗ ಶಂಕರಲಿಂಗ ಹೆಮ್ಮೆಯಿಂದ "ಉತ್ತರ ಕರ್ನಾಟಕ" ಎಂದಿದ್ದರು. ಹಾರಾಧನ ಬ್ರಷ್ ಕೆಳಗಿಟ್ಟು, "ದಾದಾ, ನಿಮ್ಮದು ಸೌತ್ ಇಂಡಿಯನ್ ಗಾಡಿ. ಮತ್ತೆ ಉತ್ತರ ಎಲ್ಲಿಂದ ಬಂತು? ಮೊದಲು ಗಂಡ ಹೆಂಡತಿ ಕೂತು ದಿಕ್ಕು ನಿಶ್ಚಯ ಮಾಡಿಕೊಳ್ಳಿ" ಎಂದು ನಕ್ಕು, ತಾವೇ 'ಮದ್ರಾಸ್ ದೋಸಾ' ಎಂದು ದಪ್ಪ ಬಂಗಾಳಿ ಅಕ್ಷರದಲ್ಲಿ ಬರೆದು ಹೋದರು. ಅಂದಿನಿಂದ ಗೌರಿ ಈ ಬೀದಿಗೆ ಮದ್ರಾಸಿ ದಿದಿ.

"ಮದ್ರಾಸು ಯಾವ ದಿಕ್ಕಿಗೈತಿ ಅಂತನೂ ನನಗ ಗೊತ್ತಿಲ್ಲ" ಎನ್ನುತ್ತಾರೆ ಅವರು, ಕಾವಲಿಗೆ ನೀರು ಚಿಮುಕಿಸುತ್ತ. "ದ್ವಾಸಿ ಹೊಯ್ಯೂದು ಕಲ್ತದ್ದ ಈ ಊರಾಗ. ನಮ್ಮನ್ಯಾಗ ದ್ವಾಸಿ ಅಂದ್ರ ಹಬ್ಬದ ಮಾತು."

ಮದುವೆಯಾಗಿ ಬಂದಾಗ ಅವರ ಸಂಸಾರ ರೈಲ್ವೆ ಕ್ವಾರ್ಟರ್ಸಿನಲ್ಲಿತ್ತು. ಗಂಡ ಸಿಯಾಲ್ದಾದಲ್ಲಿ ಫಿಟ್ಟರ್. ಪಕ್ಕದ ಮನೆಯ ತಮಿಳು ಹೆಂಗಸು ದೋಸೆ ಕಲಿಸಿದರು. ಆಫೀಸಿನ ಜನ ಇಡ್ಲಿ ಕೊಳ್ಳುತ್ತಾರೆಂದು ಕೇಳಿ ಗೌರಿ ಒಂದು ಬುಟ್ಟಿಯಲ್ಲಿ ಇಡ್ಲಿ ಹೊತ್ತು ಈ ಬೀದಿಗೆ ಬಂದರು. ಆಗ ಇಲ್ಲಿದ್ದುದು ಬಿದಿರು ಗಳ, ನೀಲಿ ತಾಡಪತ್ರಿ, ಕಲ್ಲಿದ್ದಲ ಒಲೆಗಳ ಹೊಗೆ. ಬುಟ್ಟಿ ಹೋಗಿ ಸೈಕಲ್ ವ್ಯಾನ್ ಬಂತು. ಮೂರು ಚಕ್ರದ ಮೇಲೆ ಹಲಗೆ, ಹಲಗೆಯ ಮೇಲೆ ಸ್ಟೋವ್. ಮಳೆ ಬಂದರೆ ದೋಸೆಗಿಂತ ಮೊದಲು ಸ್ಟೋವಿಗೆ ಕೊಡೆ ಹಿಡಿಯಬೇಕಿತ್ತು. ಅಷ್ಟರಲ್ಲಿ ಸಾಲ್ಟ್ ಲೇಕ್ ಕಡೆ ದೀಪ ಹಾಕಿಕೊಂಡ ಟ್ರಕ್ಕುಗಳು ಕಾಣಿಸಿಕೊಳ್ಳತೊಡಗಿದವು. ಮೋಮೊ ಗಾಡಿ, ಬರ್ಗರ್ ಗಾಡಿ, ಕಾಫಿ ಗಾಡಿ. ಲಾಕ್‌ಡೌನ್ ಮುಗಿದ ಮೇಲಂತೂ ಕೆಲಸ ಕಳೆದುಕೊಂಡ ಎಷ್ಟೋ ಜನ ಇದ್ದಬದ್ದ ವ್ಯಾನಿನ ಪಕ್ಕೆ ಕತ್ತರಿಸಿ ಕಿಟಕಿ ಮಾಡಿಕೊಂಡರು. ಗೌರಿಯವರದು ಅವರಿಗಿಂತ ಸ್ವಲ್ಪ ಹಿರಿಯ ಗಾಡಿ. ಅದರ ಪಕ್ಕೆ ಕತ್ತರಿಸಿ, ಮೇಲಕ್ಕೆತ್ತುವ ತಗಡಿನ ಮಾಡು ಕೂಡಿಸಿದ್ದು ಶಂಕರಲಿಂಗ ಅವರ ಕೈ. ರೈಲಿಗೆ ಹಾಕುವಷ್ಟು ದಪ್ಪ ಬೋಲ್ಟು ಹಾಕಿದ್ದಾರೆಂದು ಹೆಂಡತಿ ಇನ್ನೂ ಆಡಿಕೊಳ್ಳುತ್ತಾರೆ.

ವ್ಯಾಪಾರಕ್ಕೆ ಕೊರತೆಯಿಲ್ಲ. ದಿನಕ್ಕೆ ನೂರರ ಮೇಲೆ ದೋಸೆ ಹೋಗುತ್ತದೆ. ಕೊರತೆ ಬೇರೆ.

"ದ್ವಾಸಿ ತಿನ್ನೋರು ಪ್ಲೇಟ್ ಲೆಕ್ಕ ಹೇಳ್ತಾರ. ಒಂದ ಪ್ಲೇಟ್, ಎರಡ ಪ್ಲೇಟ್. ನಮ್ಮನ್ಯಾಗ ರೊಟ್ಟಿ ಎಷ್ಟು ಅಂತ ಮೊದ್ಲ ಯಾರೂ ಹೇಳ್ತಿರಲಿಲ್ಲ. ಉಣಕೋತ ಉಣಕೋತ 'ಇನ್ನೊಂದು ನೀಡು' ಅಂತಿದ್ರು. ನಮ್ಮವ್ವ ಆ ಮಾತು ಕೇಳಾಕಂತನ ಒಲಿ ಮುಂದ ಕುಂದರ್ತಿದ್ಲೋ ಏನೋ." ಗೌರಿ ಮಣಿಕಟ್ಟಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. "ಇಷ್ಟ ವರ್ಷ ಈ ಊರಿಗೆ ನೀಡೇನಿ. ಒಬ್ಬರು ನಮ್ಮ ರೊಟ್ಟಿ ತಿಂದು ಇನ್ನೊಂದು ಕೇಳಬೇಕು. ಅಷ್ಟ ಆಸೆ."

ಹೊಸ ಬೋರ್ಡಿನಲ್ಲಿ ರೊಟ್ಟಿಯ ಹೆಸರೂ ಇರಲಿ ಎಂಬುದು ಅವರ ಹಟ. ಗಂಡ ಒಪ್ಪುತ್ತಿಲ್ಲ. ಕೊನೆಗೆ ಹೀಗೊಂದು ಪಂಥವಾಗಿದೆ: ಇವತ್ತು ಹಾರಾಧನ ಬರೆಯಲು ಶುರು ಮಾಡುವುದರೊಳಗೆ ಕನ್ನಡದವರಲ್ಲದ ಯಾರಾದರೂ ಒಬ್ಬರು ಎರಡನೇ ರೊಟ್ಟಿ ಕೇಳಿದರೆ ಬೋರ್ಡಿನಲ್ಲಿ ರೊಟ್ಟಿ. ಇಲ್ಲದಿದ್ದರೆ ಹಳೆಯ ಹೆಸರೇ. ಮತ್ತೆ ಆ ಮಾತು ಎತ್ತುವಂತಿಲ್ಲ.

ಜೋಳ ಬರುವುದು ಹುಬ್ಬಳ್ಳಿ ಕಡೆಯ ರೈಲಿನಲ್ಲಿ, ಶಂಕರಲಿಂಗ ಅವರ ಹಳೆಯ ಜೊತೆಗಾರರ ಕೈಯಲ್ಲಿ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಸೀಳುತ್ತದೆ, ಆದ್ದರಿಂದ ಬೇಕಾದಷ್ಟೇ ಬೀಸಿಸಬೇಕು. ಸಿಯಾಲ್ದಾದ ಗಿರಣಿಯವರು ಗೊಣಗುತ್ತಲೇ ಗೌರಿಯ ಎರಡು ಸೇರು ಜೋಳವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ, ಗೋಧಿಯ ಪುಡಿಯನ್ನೆಲ್ಲ ಗುಡಿಸಿ ತೆಗೆದೇ ಬೀಸಿಕೊಡುತ್ತಾರೆ. ಅದಕ್ಕೆ ಹೆಚ್ಚಿಗೆ ಏನೂ ಕೇಳುವುದಿಲ್ಲ.

ಗಲ್ಲಿ ತುಂಬತೊಡಗುತ್ತದೆ. ಒಂದು ಕಾವಲಿಯಲ್ಲಿ ದೋಸೆ, ಪಕ್ಕದ ಹಂಚಿನಲ್ಲಿ ರೊಟ್ಟಿ. ತಟ್ಟೆಯಲ್ಲಿ ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಹೆಚ್ಚಿದ ಉಳ್ಳಾಗಡ್ಡಿ.

"ದಿದಿ, ಇದೇನು? ರುಟಿಯಾ? ಇಷ್ಟು ಬೆಳ್ಳಗೆ?" ಬ್ಯಾಂಕಿನ ಹುಡುಗನೊಬ್ಬ ಕತ್ತು ಚಾಚುತ್ತಾನೆ.

"ಜೋಳದ್ದು. ತಿಂದು ನೋಡು."

"ಸಕ್ಕರೆ ಕಾಯಿಲೆ ಇರೋ ನಮ್ಮಪ್ಪನಿಗೆ ಹೇಳ್ತೀನಿ. ನನಗೆ ಮಸಾಲೆ ದೋಸೆ ಕೊಡಿ."

ಇಲ್ಲಿ ರುಟಿಯೆಂದರೆ ಮೂಲೆ ಮೂಲೆಯಲ್ಲಿ ಸಿಗುವ ಮೆತ್ತಗಿನ ಗೋಧಿಯದು. ಇಬ್ಬರು ಕುತೂಹಲಕ್ಕೆ ತಿನ್ನುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಕೈ ತೊಳೆದು ಹೋಗುತ್ತಾರೆ. ಇನ್ನೊಬ್ಬರು ಪಲ್ಯ ಮಾತ್ರ ಮತ್ತೆ ಕೇಳುತ್ತಾರೆ. ಮಗಳು ಸಿಂಧೂರ ಫೋನ್ ಮಾಡಿ, "ಅಮ್ಮಾ, ಮಿಲೆಟ್ ಬೋಲೋ ನಾ, ರೊಟ್ಟಿ ಮತ್ ಬೋಲೋ. ಡಬಲ್ ರೇಟಿಗೆ ಹೋಗ್ತದೆ" ಎಂದು, ರೊಟ್ಟಿಯೆನ್ನದೆ ಮಿಲೆಟ್ ಎನ್ನುವಂತೆ ಉಪದೇಶ ಮಾಡುತ್ತಾಳೆ. "ನಾ ಔಷಧಿ ಅಂಗಡಿ ಇಟ್ಟಿಲ್ಲವ್ವಾ" ಎಂದು ಗೌರಿ ಫೋನ್ ಇಡುತ್ತಾರೆ.

ಬೆಂಗಳೂರಿನಿಂದ ಬಂದು ಇಲ್ಲಿಯ ಕಂಪನಿಯೊಂದರಲ್ಲಿರುವ ವರ್ಷಿಣಿ ಓಡುತ್ತ ಬರುತ್ತಾಳೆ. "ಆಂಟಿ, ನಂಗೆ ದೋಸೆನೇ ಕೊಡಿ. ರೊಟ್ಟಿ ಅಗಿಯೋಷ್ಟರಲ್ಲಿ ನನ್ನ ಮೀಟಿಂಗ್ ಮುಗ್ದಿರತ್ತೆ."

"ನೀ ತಿಂದರೂ ಲೆಕ್ಕಕ್ಕ ಬರೂದಿಲ್ಲ ಬಿಡವಾ. ಇವತ್ತು ಕನ್ನಡದೋರ ವೋಟು ನಡಿಯೂದಿಲ್ಲ."

ಹತ್ತು ಗಂಟೆಯ ಹೊತ್ತಿಗೆ ಬರುವವರು ಸಮಾದ್ದಾರ್ ಬಾಬು. ಎದುರಿನ ಸರ್ಕಾರಿ ಕಚೇರಿಯ ಗುಮಾಸ್ತರು, ನಿವೃತ್ತಿಯ ಹೊಸ್ತಿಲಲ್ಲಿರುವವರು. ದಿನವೂ ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ ಅವರ ಪಾಲು. ಇವತ್ತು ಗೌರಿಯ ಮುಖ ನೋಡಿದವರೇ ತಾವಾಗಿ ರೊಟ್ಟಿ ಕೇಳುತ್ತಾರೆ. ಕಟ್ಟಿಸಿಕೊಂಡ ಹಲ್ಲು. ಒಂದು ತುತ್ತನ್ನು ಬಹಳ ಹೊತ್ತು ಅಗಿಯುತ್ತಾರೆ. "ತುಂಬಾ ಚೆನ್ನಾಗಿದೆ ದಿದಿ." ಅರ್ಧ ಮುಗಿಸುವುದರಲ್ಲಿ ಸಾಕಾಗಿದೆ. ಕಸದ ಡಬ್ಬಿ ಪಕ್ಕದಲ್ಲೇ ಇದ್ದರೂ ಅವರು ಅತ್ತ ಹೋಗುವುದಿಲ್ಲ. ಗೌರಿ ಹಂಚಿನ ಕಡೆ ತಿರುಗುವವರೆಗೆ ಕಾದು, ಉಳಿದರ್ಧವನ್ನು ಪತ್ರಿಕೆಯ ಹಾಳೆಯಲ್ಲಿ ಮಡಚಿ ಬ್ಯಾಗಿನೊಳಗೆ ಸೇರಿಸಿ ಹೊರಟುಬಿಡುತ್ತಾರೆ.

ಗೌರಿ ತಿರುಗಿದ್ದರೂ ಸ್ಟೀಲ್ ಡಬ್ಬಿಯ ಹೊಳಪಿನಲ್ಲಿ ಎಲ್ಲ ಕಂಡಿದೆ. "ನನಗ ಬ್ಯಾಸರ ಆಗಬಾರದಂತ ಮುಚ್ಚಿಟ್ಕೊಂಡ್ರು" ಎಂದು ಮೆಲ್ಲಗೆ ಹೇಳುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಗಾಡಿ ಅಲುಗುವುದಿಲ್ಲ.

ಶಂಕರಲಿಂಗ ಗಾಡಿಯ ಹಿಂದೆ ತಟ್ಟೆ ತೊಳೆಯುತ್ತ ತಗ್ಗಿದ ದನಿಯಲ್ಲಿ ಹೇಳುವುದು ಬೇರೆಯೇ. "ಹಿಂದಕ ಒಮ್ಮೆ ಸೈಕಲ್ ವ್ಯಾನಿನ್ಯಾಗ ರೊಟ್ಟಿ ಇಟ್ಟಿದ್ಲು. ಒಬ್ಬರೂ ಮುಟ್ಟಲಿಲ್ಲ. ಸಂಜೀಕ ತುಂಬಿದ ಬುಟ್ಟಿ ಹಂಗ ಮನಿಗೆ ತಂದು ಕೆಳಗಿಟ್ಲು. ನನಗ ರೊಟ್ಟಿ ಬ್ಯಾಡಂತಲ್ಲ. ಆಕಿ ಮಾರಿ ಹಂಗ ಇನ್ನೊಮ್ಮೆ ನೋಡಾಕ ನನ್ನ ಕೈಲೆ ಆಗೂದಿಲ್ಲ."

ಮಧ್ಯಾಹ್ನ ಹಾರಾಧನ ಬರುತ್ತಾರೆ. ಹಳೆಯ ಅಕ್ಷರ ಕೆರೆದು, ಹಳದಿ ಬಳಿದು, ಅದು ಒಣಗುವವರೆಗೆ ನಿಂಬೆ ಚಹಾ ಕುಡಿಯುತ್ತಾರೆ. ಊಟದ ಗದ್ದಲ ಏರಿ ಇಳಿಯುತ್ತದೆ. ದೋಸೆ ಹಿಟ್ಟು ತಳ ಕಂಡಿದೆ. ರೊಟ್ಟಿ ಇನ್ನೂ ಅರ್ಧ ಬುಟ್ಟಿ.

"ಹಾಗಾದರೆ ದಾದಾ, ಹಳೆಯದೇ ತಾನೇ?" ಹಾರಾಧನ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾರೆ.

ಶಂಕರಲಿಂಗ ಹೆಂಡತಿಯ ಕಡೆ ನೋಡುತ್ತಾರೆ. ಗೌರಿ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಸುತ್ತುತ್ತಿದ್ದಾರೆ, ತಲೆ ಎತ್ತುವುದಿಲ್ಲ.

"ಹಳೆಯದೇ ಬರಿ" ಎನ್ನುತ್ತಾರೆ ಶಂಕರಲಿಂಗ. ಗೆದ್ದವರ ದನಿ ಅದಲ್ಲ.

ಹಾರಾಧನ ಬ್ರಷ್ ಅದ್ದುತ್ತಾರೆ. ಅದೇ ಹೊತ್ತಿಗೆ ಸಮಾದ್ದಾರ್ ಬಾಬು ಊಟದ ಡಬ್ಬಿ ಹಿಡಿದು ಕಚೇರಿಯ ಮೆಟ್ಟಿಲಿಳಿದು, ಏದುಸಿರು ಬಿಡುತ್ತ ಬಂದು ನಿಲ್ಲುತ್ತಾರೆ.

"ದಿದಿ, ಆರ್ ಏಕ್‌ಟಾ ದಿನ್." ಇನ್ನೊಂದು ಕೊಡಿ.

"ಇಡ್ಲಿ ಮುಗೀತಲ್ಲ ಬಾಬು."

"ಇಡ್ಲಿ ಯಾರು ಕೇಳಿದರು? ಬೆಳಗಿನದು. ನಿಮ್ಮ ರೊಟ್ಟಿ." ಅವರು ಸಂಕೋಚದಿಂದ ನಗುತ್ತಾರೆ. "ಸುಳ್ಳು ಹೇಳೋದಿಲ್ಲ, ಈ ಹಲ್ಲಿಗೆ ಅದು ಬಗ್ಗಲಿಲ್ಲ. ಊಟಕ್ಕೆ ಕೂತಾಗ ಆ ಅರ್ಧವನ್ನು ಮುರಿದು, ಬೇರೆ ಬಟ್ಟಲಿಗೆ ಸುರಿದ ಬೇಳೆ ಸಾರಿನಲ್ಲಿ ಹಾಕಿದೆ. ಸಾಹೇಬರ ಫೋನ್ ಬಂತು, ಮಾತಾಡಿ ಬರುವಷ್ಟರಲ್ಲಿ ಅದು ನೆನೆದು... ಏನು ಹೇಳಲಿ? ಅನ್ನ ಹಾಗೇ ಉಳೀತು. ಬೇಳೆ ಇನ್ನೂ ಇದೆ, ರೊಟ್ಟಿ ಮುಗಿದಿದೆ. ನಿಮ್ಮ ಕಡೆ ಹೀಗೆ ತಿನ್ನಬಾರದೋ ಏನೋ."

ಗೌರಿಯ ಕೈ ಆಗಲೇ ಹಿಟ್ಟಿಗೆ ಹೋಗಿದೆ. ಸುತ್ತಿಟ್ಟದ್ದನ್ನು ಕೊಡದೆ ಹೊಸದನ್ನೇ ಬಡಿಯುತ್ತಾರೆ. ಗಾಡಿ ಮತ್ತೆ ಅಲುಗುತ್ತದೆ.

"ಅಯ್ಯೋ ದಿದಿ, ನನ್ನ 'ಮ' ಸೊಟ್ಟಗಾಗುತ್ತೆ!" ಹೊರಗಿನಿಂದ ಹಾರಾಧನ ಕೂಗುತ್ತಾರೆ.

"ಹಾರಾಧನ್ ದಾ, ಕೈ ತಗೀರಿ. ಬರೀಬ್ಯಾಡ್ರಿ" ಎನ್ನುವ ಶಂಕರಲಿಂಗ ಅವಸರದಲ್ಲಿ ಕನ್ನಡದಲ್ಲೇ ಮಾತಾಡಿ, ಮತ್ತೆ ಬಂಗಾಳಿಗೆ ಹೊರಳುತ್ತಾರೆ. ಬೋರ್ಡಿನಲ್ಲಿ ರೊಟ್ಟಿಯೂ ಇರಬೇಕು ಎನ್ನುತ್ತಾರೆ.

"ರುಟಿ?"

"ರುಟಿ ಅಲ್ಲ, ರೊಟ್ಟಿ. ಎರಡು ಟ. ಒತ್ತಿ ಬರಿ."

ಹಾರಾಧನ ಎರಡು ಹೆಜ್ಜೆ ಹಿಂದೆ ಸರಿದು ತಗಡನ್ನು ಅಳೆದು ನೋಡುತ್ತಾರೆ. "ಎರಡು ಟ ಬಂದರೆ ಜಾಗ ಸಾಲದು ದಾದಾ. ಮದ್ರಾಸ್ ತೆಗೀಬೇಕಾಗುತ್ತೆ."

"ತೆಗಿ" ಎನ್ನುತ್ತಾರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ.

ಬಿಸಿ ರೊಟ್ಟಿ ಕಿಟಕಿಯಿಂದ ಕೆಳಗಿಳಿಯುತ್ತದೆ. ಸಮಾದ್ದಾರ್ ಬಾಬು, ಗೌರಿ ಮೀನು ತಿನ್ನುವುದಿಲ್ಲವೆಂದು ಮೀನಿನ ಡಬ್ಬಿಯನ್ನು ಬದಿಗಿಟ್ಟು, ಬೇರೆ ಚಮಚದಿಂದ, ತಾವು ಕೈ ಹಾಕುವ ಮೊದಲು, ಅನ್ನದ ಡಬ್ಬಿಯ ಅಗಲ ಮುಚ್ಚಳಕ್ಕೆ ಅನ್ನ ಬಡಿಸುತ್ತಾರೆ. ಪಕ್ಕದಲ್ಲಿ ಬೇಳೆ, ಬೇಳೆಯೊಳಗೆ ಮುರಿದು ಹಾಕಿದ ಹೊಸ ರೊಟ್ಟಿಯ ಅರ್ಧ, ಅಂಚಿಗೆ ಒಂದಿಷ್ಟು ಹುರಿದ ಆಲೂಗಡ್ಡೆ. ರೊಟ್ಟಿ ನೆನೆಯುವವರೆಗೆ ಮುಚ್ಚಳವನ್ನು ಅಂಗೈ ಮೇಲೆ ಹಿಡಿದೇ ಕಾಯುತ್ತಾರೆ. ಆಮೇಲೆ ತುದಿಗಾಲಲ್ಲಿ ನಿಂತು ಗೌರಿಗೆಂದು ಕಿಟಕಿಯತ್ತ ಎತ್ತುತ್ತಾರೆ. ಗೌರಿ ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ, ಎರಡೂ ಕೈ ಚಾಚುತ್ತಾರೆ.