ಖಾಲಿ ಬೂತಿನ ಊರು

ಹೋದ ವಿಧಾನಸಭೆ ಚುನಾವಣೆಯಲ್ಲಿ ನಮ್ಮೂರು ಸರ್ಕಾರಕ್ಕೆ ಬುದ್ಧಿ ಕಲಿಸಿತು ಎಂದು ಕಟ್ಟೆಯ ಮೇಲೆ ಈಗಲೂ ಹೇಳುತ್ತಾರೆ. ಯಾರಿಗೆ ಏನು ಬುದ್ಧಿ ಬಂತು ಎಂದು ಕೇಳಿದರೆ ಮಾತ್ರ ಎಲ್ಲರೂ ಎಲೆ ಅಡಿಕೆಯ ಚೀಲ ತಡಕಾಡುತ್ತಾರೆ. ಬೂತ್ ಖಾಲಿ ಇತ್ತು ಎನ್ನುವುದು ನಿಜ. ಉಳಿದದ್ದು ನಾವೇ ಕಟ್ಟಿಕೊಂಡ ಕತೆ.

ನಮಗೂ ಅಣ್ಣಿಗೇರಿಗೂ ನಡುವೆ ಒಂದು ಹಳ್ಳವಿದೆ. ಮಳೆಗೆ ತುಂಬುತ್ತದೆ, ನೀರು ಇಳಿದ ಮೇಲೂ ಎರೆಮಣ್ಣು ಗಾಲಿ ಬಿಡುವುದಿಲ್ಲ. ಬಸ್ಸು ಆಚೆ ದಂಡೆಯಿಂದಲೇ ತಿರುಗುತ್ತದೆ. ನನ್ನ ತಂಗಿ ಅದೇ ಬಸ್ಸಿಗೆ ಅಣ್ಣಿಗೇರಿಯ ಕಾಲೇಜಿಗೆ ಹೋಗುತ್ತಿದ್ದಳು. ಸೇತುವೆ ಆಗುವವರೆಗೆ ಓಟಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಮುಂದೆ ನಿಂತವರು ನಮ್ಮ ದೊಡ್ಡಪ್ಪ. ಪ್ರತಿ ಮನೆಯ ಯಜಮಾನ ಗುಡಿಯಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಮುಟ್ಟಿ ಆಣೆ ಮಾಡಬೇಕು. ಒಬ್ಬ ಮುಟ್ಟಿದರೆ ಇಡೀ ಮನೆಗೆ ಆಣೆ. ಅಪ್ಪ ಮುಟ್ಟಿ ಬಂದ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಗೆದ್ದವಳು. ಯಾವ ಅಭ್ಯರ್ಥಿಯ ಮೇಲೂ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಗುಡಿಯ ಮುಂದೆ ನಿಂತು ಕೇಳಿದೆ.

“ದೊಡ್ಡಪ್ಪಾ, ಯಾರೂ ಬ್ಯಾಡಂದ್ರ ನೋಟಾ ಒತ್ತೂಣು. ಮನ್ಯಾಗ ಕುಂತ್ರ ಅವರಿಗೇನ್ ನಷ್ಟರಿ?”

“ನೋಟಾ ಒತ್ತಿದ್ರ ಪೇಪರಿನ್ಯಾಗ ಫೋಟೋ ಬರತೈತೇನಬೇ?” ಎಂದರು ದೊಡ್ಡಪ್ಪ. ಜನ ನಕ್ಕರು. “ಕಪ್ ಗೆದ್ದ ಬಂದಾಳ್ರೆಪಾ, ಹುಷಾರ್!” ಎಂದು ಹಿಂದಿನಿಂದ ಯಾರೋ ಕೂಗಿದರು.

ಮನೆಯಲ್ಲಿ ತಂಗಿಯ ಜಗಳ ನಡೆದಿತ್ತು. ಅದು ಅವಳ ಮೊದಲ ಓಟು.

“ಅಪ್ಪಾ, ಭಂಡಾರ ಮುಟ್ಟಿದಾಂವ ನೀ. ನಾ ಯಾಕ ಸುಮ್ಮ ಕುಂದರ್ಲಿ?”

“ಮನಿಗೆ ಏನರ ಆತಂದ್ರ?” ಎಂದ ಅಪ್ಪ. ಅವನ ಭಯ ನಿಜವಾದದ್ದು. ಅದರೆದುರು ನನ್ನ ವಾದ ಯಾವುದೂ ನಿಲ್ಲಲಿಲ್ಲ. ಮತದಾನದ ದಿನ ನಾವಿಬ್ಬರೂ ಹೊರಟಾಗ ಅವ್ವ ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ಅವಳನ್ನು ದಾಟಿ ಹೋಗಲು ನಮಗೆ ಆಗಲಿಲ್ಲ.

ಅಧಿಕಾರಿಗಳು ಜೀಪಿನಲ್ಲಿ ಬಂದು ಕೈಮುಗಿದರು. ಪೇಪರಿನಲ್ಲಿ ಫೋಟೋ ಬಂತು. ಆಮೇಲೆ ಯಾರೂ ಬರಲಿಲ್ಲ. ಗೆದ್ದವನು ಯಾಕೆ ಬರಬೇಕು? ಅವನು ನಮ್ಮಿಂದ ಗೆದ್ದಿರಲಿಲ್ಲ, ನಮ್ಮಿಂದ ಸೋಲುವ ಭಯವೂ ಇರಲಿಲ್ಲ. ಓಟು ಹಾಕಿದ ಪಕ್ಕದೂರಿನ ಡಾಂಬರು ಹಳ್ಳದ ಆಚೆ ದಂಡೆಯವರೆಗೆ ಬಂದು ನಿಂತಿತು. ನಾವು ಓಟು ಹಾಕಿದ್ದರೆ ಸೇತುವೆ ಆಗಿಯೇ ಬಿಡುತ್ತಿತ್ತು ಎಂದು ನಾನು ಹೇಳಲಾರೆ. ಗದರಿಸಿ ಕೇಳಲಿಕ್ಕಾದರೂ ಬಾಯಿ ಇರುತ್ತಿತ್ತು. ಕೇಳಲು ಹೋದ ನಮ್ಮೂರವರಿಗೆ ಅವನ ಕಡೆಯವನೊಬ್ಬ ನಗುತ್ತಲೇ ಹೇಳಿದನಂತೆ: “ನಿಮ್ಮೂರಾಗ ನಮಗ ಓಟಽ ಇಲ್ಲಲ್ರಿ.”

ಆ ಮಳೆಗಾಲ ತಂಗಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿದು ಆಚೆ ದಂಡೆ ಸೇರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಒಮ್ಮೆ ಸೆಳವಿನಲ್ಲಿ ಅವಳ ಕಾಲು ತಪ್ಪಿದ್ದು ಅಪ್ಪನ ಕಿವಿಗೆ ಬಿತ್ತು. “ಸಾಕವ್ವಾ, ಕಲತದ್ದು,” ಎಂದ. ಅವಳು ಈಗಲೂ ಪುಸ್ತಕಗಳ ಧೂಳು ಒರೆಸಿ ಇಡುತ್ತಾಳೆ, ನಾಳೆ ಕ್ಲಾಸಿದೆ ಎನ್ನುವ ಹಾಗೆ. ನಾನು ಎದ್ದು ಹೊರಗೆ ಹೋಗುತ್ತೇನೆ, ನೋಡಲಾಗುವುದಿಲ್ಲ.

ಈಗ ಪಂಚಾಯ್ತಿ ಚುನಾವಣೆಯ ಮಾತು. ಮೊನ್ನೆ ದೊಡ್ಡಪ್ಪ ನಮ್ಮ ಮನೆಗೆ ಬಂದು, “ಈ ಸಲಾನೂ ಗಟ್ಟಿ ಹಿಡಿಯೂಣು, ತಮ್ಮಾ. ಒಂದ್ ಓಟೂ ಬೀಳಬಾರದು,” ಎಂದು ಅಪ್ಪನಿಗೆ ಹೇಳಿದರು. ಚಹಾ ತಂದ ತಂಗಿ ಕಪ್ಪು ಇಟ್ಟು ಅಲ್ಲೇ ನಿಂತಳು. ನಾನು ಕೇಳಿದೆ:

“ದೊಡ್ಡಪ್ಪಾ, ಈಕಿ ಕಾಲೇಜಂತೂ ಹೋತು. ಇನ್ನ ಈಕಿ ಕಡಿಂದ ಏನ್ ಕಸಗೋಬೇಕಂತ ಮಾಡೀರಿ?”